ಟಿ.ವಿ. ಸದ್ದಿನ ಮರೆಯಲ್ಲಿ ಮಾಡಿದ ಪ್ರಾರ್ಥನೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರೆಯುವವನಲ್ಲ, ವಡೋದರಾದಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಹತ್ತನೇ ತರಗತಿ ಪಾಸಾದಾಗ ನನಗೆ ಇಪ್ಪತ್ತು ತುಂಬಿತ್ತು, ಅದೂ ಗುಜರಾತಿ ಮೀಡಿಯಮ್ಮಿನಲ್ಲಿ. ಕನ್ನಡ ಕಲಿತದ್ದು ನಮ್ಮೂರಾದ ಬೆಟಗೇರಿಯ ಶಾಲೆಯಲ್ಲಿ ಮೂರನೇ ತರಗತಿಯವರೆಗೆ, ಆಮೇಲೆ ಅವ್ವನ ಹತ್ತಿರ. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ದೀರ್ಘ ಬಿಟ್ಟುಹೋಗಿದ್ದರೆ ಮನೆಯ ಹುಡುಗ ಬರೆದದ್ದೆಂದು ತಿಳಿದು ಕ್ಷಮಿಸಬೇಕು.

ಆಗಿನ್ನೂ ಮನೆಗೊಂದೇ ಮೊಬೈಲ್ ಇದ್ದ ಕಾಲ. ಅದೂ ಅಪ್ಪನ ಜೇಬಿನಲ್ಲೇ ಇರುತ್ತಿತ್ತು. ಬೆಟಗೇರಿಯಲ್ಲಿ ಮಗ್ಗದ ಕೆಲಸ ಕಡಿಮೆಯಾದಾಗ ಅಪ್ಪನಿಗೆ ಸೂರತ್ತಿನ ಒಂದು ಬಣ್ಣದ ಕಾರ್ಖಾನೆಯಲ್ಲಿ, ಅಂದರೆ ಸೀರೆ ಬಟ್ಟೆಗೆ ಬಣ್ಣ ಹಾಕುವಲ್ಲಿ, ಸೂಪರ್‌ವೈಜರ್ ಕೆಲಸ ಸಿಕ್ಕಿತು. ಜೂನ್ ತಿಂಗಳಲ್ಲಿ ನಾವು ಮೂರು ಜನ, ಎರಡು ಟ್ರಂಕು, ಒಂದು ಸ್ಟವ್ ಸಮೇತ ರೈಲು ಹತ್ತಿದೆವು. ನನಗೆ ಒಂಬತ್ತು ವರ್ಷ.

ಅಪ್ಪ ಮೊದಲೇ ಬಂದು ಸೂರತ್ತಿನ ಅಡಾಜಣ್ ಬಡಾವಣೆಯಲ್ಲಿ ಮನೆ ನೋಡಿದ್ದ. ನಾಲ್ಕಂತಸ್ತಿನ ಕಟ್ಟಡ, ಎರಡನೇ ಮಹಡಿ, ಒಂದು ಕೋಣೆ, ಒಂದು ಅಡಿಗೆಮನೆ. ನೀರು ಎರಡು ಹೊತ್ತು ಬರುತ್ತಿತ್ತು. ಕೆಳಗಿನ ಮಹಡಿಯಲ್ಲಿ ಮಾಲೀಕರು. ರಿಕ್ಷಾದಿಂದ ಇಳಿಯುವ ಮೊದಲು ಅಪ್ಪ ನನ್ನ ಭುಜ ಹಿಡಿದು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಇಲ್ಲೆ ನಾ ಸುರೇಶ. ನಿಮ್ಮವ್ವ ಆಶಾ. ನೀ ದಿನೇಶ. ಯಾರ ಕೇಳಿದ್ರೂ ಇಷ್ಟ ಹೇಳೂದು."

"ಯಾಕಪ್ಪಾ?"

"ಮನಿ ಸಿಗೂದಿಲ್ಲೋ, ಅದಕ್ಕ. ಆರು ಮನಿ ನೋಡಿದೆ. ಹೆಸರ ಕೇಳಿ ಆರೂ ಮಂದಿ ನೋಡ್ತೀವಿ ಅಂದ್ರು. ಇಂವಾ ಕಾಗದಾ ಪತ್ರಾ ಏನೂ ಕೇಳಲಿಲ್ಲ. ಮಾಂಸ ತಿನ್ನಾಂಗಿಲ್ಲ ಅಂದ. ನಾ ಇಲ್ಲ ಅಂದೆ."

ಅವ್ವನ ಹೆಸರು ಎಸ್ತೇರ. ಅಪ್ಪ ಸಮುವೇಲ. ನಾನು ದಾನಿಯೇಲ. ಬೆಟಗೇರಿಯಲ್ಲಿ ನಮ್ಮ ಕ್ರೈಸ್ತ ದೇವಾಲಯದ ಗಂಟೆ ಹೊಡೆಯುವ ಸರದಿ ನಮ್ಮ ಅಜ್ಜನದಾಗಿತ್ತು. ಅಂಥ ಮನೆಯವರು ನಾವು ಸೂರತ್ತಿನ ಮೆಟ್ಟಿಲು ಹತ್ತುವಾಗ ಬೇರೆಯವರಾಗಿ ಹತ್ತಿದೆವು.

ಮೊದಲ ವಾರ ಮಜವಾಗಿತ್ತು. ನಾಟಕದ ಪಾತ್ರ ಸಿಕ್ಕಂತೆ ನಾನು ಕನ್ನಡಿ ಮುಂದೆ "ಮೇರಾ ನಾಮ್ ದಿನೇಶ್" ಅನ್ನುತ್ತಿದ್ದೆ. ಎರಡನೇ ವಾರ ಮಾಲೀಕರ ಮೊಮ್ಮಗಳು ಮೆಟ್ಟಿಲಲ್ಲಿ ಹಿಡಿದು ಹೆಸರು ಕೇಳಿದಾಗ ಬಾಯಿಂದ "ದಾ..." ಅಂತ ಹೊರಟೇಬಿಟ್ಟಿತು. ಅಲ್ಲಿಗೆ ನಿಲ್ಲಿಸಿ ಮೂಗನಂತೆ ನಿಂತೆ. ಅವಳು ನಕ್ಕು ಓಡಿದಳು. ನಾನು ಮನೆಗೆ ಬಂದು ಶೂರನಂತೆ ಈ ಸಂಗತಿ ಹೇಳಿದೆ. ಅಪ್ಪ ನಗಲಿಲ್ಲ. ಮರುದಿನ ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿಕೊಂಡು ಹೋದ. ಹೊರಗೆ ಕೀಲಿ ಇದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂದುಕೊಳ್ಳುತ್ತಾರೆ, ಯಾರೂ ಬಾಗಿಲು ಬಡಿಯುವುದಿಲ್ಲ. ಅದು ಅಪ್ಪನ ಲೆಕ್ಕಾಚಾರ.

"ನಾಕ ದಿನಾ ಅಷ್ಟ," ಅಂದ.

ಆ ನಾಲ್ಕು ದಿನ ಏಳು ತಿಂಗಳಾಯಿತು.

ಶಾಲೆಯ ಮಾತು ಬಂದಾಗಲೆಲ್ಲ ಅಪ್ಪ "ಮುಂದಿನ ತಿಂಗಳ" ಅನ್ನುತ್ತಿದ್ದ. ಹತ್ತಿರದ ಶಾಲೆಗೆ ಕಟ್ಟಡದ ಮಕ್ಕಳೆಲ್ಲ ಹೋಗುತ್ತಿದ್ದರು. ನನ್ನ ಸರ್ಟಿಫಿಕೇಟಿನಲ್ಲಿ ದಾನಿಯೇಲ ಅಂತ ಇತ್ತು. ಅದನ್ನು ತೋರಿಸಿದರೆ ಮನೆ ಹೋಗುತ್ತದೆ, ತೋರಿಸದಿದ್ದರೆ ಶಾಲೆ ಇಲ್ಲ. ನಾನು ಕಿಟಕಿಯ ಸರಳು ಹಿಡಿದು ನಿಂತು, ಬಿಳಿ ಅಂಗಿ ತೊಟ್ಟ ಮಕ್ಕಳು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದೆ. ಅವರು ತಲೆ ಎತ್ತಿದರೆ ಕೆಳಗೆ ಕೂತುಬಿಡುತ್ತಿದ್ದೆ.

ಒಳಗೆ ಮಾಡುವುದಾದರೂ ಏನು? ಅವ್ವ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯುತ್ತಿದ್ದಳು, ಹುಣಸೆ ಬೀಜ ಒಡೆದು ಆಡುತ್ತಿದ್ದೆವು. ಆಟದಲ್ಲಿ ಗೆದ್ದಾಗ ಕೂಗಬಾರದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕುಣಿಯಬೇಕು. ದೊಡ್ಡ ಅಕ್ಷರದ ಸತ್ಯವೇದ ತೊಡೆಯ ಮೇಲಿಟ್ಟು ಅವ್ವ ನನಗೆ ಒತ್ತಕ್ಷರ ಕಲಿಸಿದ್ದೂ ಅದೇ ನೆಲದ ಮೇಲೆ. ಮಧ್ಯಾಹ್ನ ಪಕ್ಕದ ಮನೆಯ ಹಂಸಾಬೆನ್ ಒಗ್ಗರಣೆ ಹಾಕಿದರೆ ಇಂಗು ಸಾಸಿವೆಯ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು, ಅದು ನಮಗೆ ಗಡಿಯಾರ. ಹಂಸಾಬೆನ್ ಅರವತ್ತರ ಹತ್ತಿರದ ವಿಧವೆ. ಅವರ ದನಿ ನಮಗೆ ಚೆನ್ನಾಗಿ ಪರಿಚಯ, ಮುಖ ನೋಡಿದ್ದು ಎರಡೋ ಮೂರೋ ಸಲ.

ವಾರಕ್ಕೊಮ್ಮೆ ಅಪ್ಪ ಕಾರ್ಖಾನೆ ಹತ್ತಿರದಿಂದ ಮೂರು ಬೇಯಿಸಿದ ಮೊಟ್ಟೆ ಟಿಫಿನ್ ಡಬ್ಬಿಯಲ್ಲಿ ತರುತ್ತಿದ್ದ. ನಾವು ಕಳ್ಳರಂತೆ ಅಡಿಗೆಮನೆಯ ಮೂಲೆಯಲ್ಲಿ ಕೂತು ತಿನ್ನುತ್ತಿದ್ದೆವು. ಸಿಪ್ಪೆಯನ್ನು ಅವ್ವ ಅರೆದು ಪುಡಿ ಮಾಡಿ ಪೇಪರಿನಲ್ಲಿ ಸುತ್ತಿ ಮರುದಿನ ಅದೇ ಡಬ್ಬಿಯಲ್ಲಿ ವಾಪಸ್ ಕಳಿಸುತ್ತಿದ್ದಳು. "ನನ್ನ ಮದಿವಿ ಬಂಗಾರಾನೂ ಇಷ್ಟ ಜ್ವಾಕ್ಯಾಗಿ ಇಟ್ಟಿಲ್ಲ ನೋಡು," ಅನ್ನುವಳು. ಮೊದಮೊದಲು ನಗುತ್ತಾ ಹೇಳುತ್ತಿದ್ದಳು.

ಇನ್ನು ಪ್ರಾರ್ಥನೆ. ನಮ್ಮಂಥ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ತಪ್ಪುವುದಿಲ್ಲ, ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಒಂದು ಹಾಡು, ಒಂದು ಓದು, ಆಮೇಲೆ ಎಲ್ಲರೂ ಸರದಿಯ ಪ್ರಕಾರ ಬಾಯಿಬಿಟ್ಟು ಪ್ರಾರ್ಥಿಸಬೇಕು. ಸಣ್ಣವರು ಮೊದಲು, ಮನೆಯ ಯಜಮಾನ ಕೊನೆಗೆ. ಸೂರತ್ತಿನಲ್ಲಿ ಏಳೂವರೆಗೆ ಅಪ್ಪ ಟಿ.ವಿ. ದನಿ ದೊಡ್ಡದು ಮಾಡುತ್ತಿದ್ದ. ಆ ಸದ್ದಿನ ಮರೆಯಲ್ಲಿ ನಾವು ಮೂವರು ತಲೆಗೆ ತಲೆ ಹತ್ತಿಸಿ ಕೂತು, ತುಟಿ ಅಲ್ಲಾಡಿಸಿ ಹಾಡಿ, ಪಿಸುಮಾತಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದೆವು.

ಅಪ್ಪನಿಗೆ ನೇರವಾಗಿ ಹೇಳಲಾಗದ್ದನ್ನು ಅವ್ವ ಆಗ ಹೇಳುತ್ತಿದ್ದಳು. ಕಣ್ಣು ಮುಚ್ಚಿ ದೇವರಿಗೆ ಹೇಳುವಾಗ ನಡುವೆ ಬಾಯಿ ಹಾಕುವ ಹಾಗಿಲ್ಲವಲ್ಲ!

"ಕರ್ತನೇ, ಇವತ್ತ ಮತ್ತ ಸೂರ್ಯಾನ್ನ ಸರಳಿನ ಸಂದ್ಯಾಗ ನೋಡಿದೆ. ನನ್ನ ಎದಿ ಬಿಗದಂಗ ಆಗೇತಿ. ಮಾತಾಡಾಕ ಒಂದ ಹೆಣ್ಣಮಗಳಿಲ್ಲ. ನನ್ನ ಕೂಸು ಶಾಲಿ ಇಲ್ಲದ ಹಾಳಾಗೂದು ನೀ ನೋಡಾಕತ್ತೀ. ನೋಡೋರು ಇನ್ನೊಬ್ರು ಅದಾರ, ಅವರ ಕಣ್ಣೂ ತೆರಸು."

ಆಮೇಲೆ ಅಪ್ಪನ ಸರದಿ. "ತಂದೆಯೇ, ಕೆಲವ್ರಿಗೆ ತಾಳ್ಮಿ ಕೊಡು. ಹೊರಗ ದುಡಿಯೋನ ಕಷ್ಟ ಒಳಗ ಕೂತವ್ರಿಗೆ ತಿಳಿಯೂ ಹಂಗ ಮಾಡು."

ಜಗಳವೇ ಅದು, ನಿಜ. ಆದರೆ ಕೊನೆಗೆ ಮೂವರೂ ಸೇರಿ "ಆಮೆನ್" ಅನ್ನುವಾಗ ಏನೋ ಹಗುರಾಗುತ್ತಿತ್ತು. ಅದೊಂದು ಶಬ್ದ ಮಾತ್ರ ಪಿಸುಮಾತಿನಲ್ಲಿ ಹೇಳಲು ನಮಗೆ ಬರುತ್ತಲೇ ಇರಲಿಲ್ಲ. ಅವ್ವ ಎದ್ದು ಅಪ್ಪನಿಗೆ ಬಿಸಿ ರೊಟ್ಟಿ ಹಾಕುತ್ತಿದ್ದಳು, ಅಪ್ಪ ಟಿ.ವಿ. ಆರಿಸಿ "ಚಟ್ನಿ ಛಲೋ ಆಗೇತಿ" ಅನ್ನುತ್ತಿದ್ದ. ಹಗಲೆಲ್ಲ ಉಸಿರುಗಟ್ಟಿದ್ದ ಮನೆ ಆ ಹದಿನೈದು ನಿಮಿಷ ಉಸಿರಾಡುತ್ತಿತ್ತು. ನನ್ನ ಪ್ರಾರ್ಥನೆ ದಿನಾ ಒಂದೇ: "ಯೇಸಪ್ಪಾ, ನನ್ನ ಹೊರಗ ಬಿಡಸು."

ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ತಾಪಿ ನದಿಯ ಆಚೆ ಗ್ರೇಸ್ ಆಂಟಿಯ ಮನೆಯಲ್ಲಿ ಕನ್ನಡದವರ ಪ್ರಾರ್ಥನಾ ಕೂಟ ಇರುತ್ತಿತ್ತು. ಆಂಟಿಯ ಗಂಡ ಬ್ಯಾಂಕಿನವರು, ಉಡುಪಿ ಕಡೆಯವರು. ಹತ್ತು ಹನ್ನೆರಡು ಜನ ಸೇರುತ್ತಿದ್ದರು. ನಮಗೆ ತಿಂಗಳಿಗೆ ಸಿಗುವ ಗಾಳಿ ಅಂದರೆ ಅದೇ. ಅಲ್ಲಿ ಜೋರಾಗಿ ಹಾಡಬಹುದಿತ್ತು. ಬೆಲ್ಲ ಕಾಯಿ ಹಾಕಿದ ಅವಲಕ್ಕಿ ಕೊಡುತ್ತಿದ್ದರು.

ನವೆಂಬರಿನ ಕೂಟದಲ್ಲಿ ಆಂಟಿ ಎಂದಿನಂತೆ ಪ್ರಾರ್ಥನೆಯ ವಿಷಯಗಳನ್ನು ಕೇಳಿದರು. ಒಬ್ಬರು ಮಗಳ ಪರೀಕ್ಷೆ ಅಂದರು, ಒಬ್ಬರು ಮೊಣಕಾಲು ನೋವು ಅಂದರು. ಆಂಟಿ ನನ್ನ ಕಡೆ ತಿರುಗಿ ನಕ್ಕರು.

"ಎಂತ ಮಗಾ, ನಿಂದು ವಿಷಯ ಎಂತ ಉಂಟು? ನಾಚಿಕೆ ಬೇಡ ಮಾರಾಯ, ಹೇಳು."

ನನಗೆ ತಿಂಗಳುಗಳಿಂದ ಒಂದು ಭಯ ಕೊರೆಯುತ್ತಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಎದ್ದು ನಿಂತು, ಕೈ ಕಟ್ಟಿ, ಬೆಟಗೇರಿಯ ಭಾನುವಾರದ ಶಾಲೆಯಲ್ಲಿ ವಚನ ಒಪ್ಪಿಸುವವನಂತೆ ಹೇಳಿದೆ.

"ನಮ್ಮಪ್ಪ ಹೊರಗಿಂದ ಕೀಲಿ ಹಾಕ್ಕೊಂಡ ಹೋಗ್ತಾನ್ರಿ. ನನ್ನ ಹೆಸರ ದಿನೇಶ ಅಂತ ಹೇಳ್ಯಾನ್ರಿ. ನಾ ದಿನಾ ಪ್ರಾರ್ಥನಿ ಮಾಡತೇನ್ರಿ, ಆದ್ರ ಯೇಸಪ್ಪಗ ನಾ ದಾನಿಯೇಲನ ಅಂತ ಗೊತ್ತಾಗತೈತೋ ಇಲ್ಲೋ? ಅದಕ್ಕ ಎಲ್ಲಾರೂ ಪ್ರಾರ್ಥನಿ ಮಾಡ್ರಿ."

ಅಪ್ಪ ನೆಲ ನೋಡುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಕಾರ್ಖಾನೆಯ ನೀಲಿ ಬಣ್ಣ ಇತ್ತು, ಅದನ್ನು ಕೆರೆಯುತ್ತಾ ಕೂತಿದ್ದ. ಗ್ರೇಸ್ ಆಂಟಿ ನನ್ನ ತಲೆ ಮುಟ್ಟಿ "ಗೊತ್ತಾಗ್ತದೆ ಮಗಾ, ಖಂಡಿತ ಗೊತ್ತಾಗ್ತದೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಆಂಟಿಯ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಬರದಿದ್ದವರಿಗೂ ಫೋನ್ ಮಾಡಿ "ಆ ಕುಟುಂಬಕ್ಕಾಗಿ ಪ್ರಾರ್ಥನೆ ಮಾಡಿ" ಅಂದಿದ್ದರು. ಹಾಗೆ ಫೋನ್ ಹೋದವರಲ್ಲಿ ಒಬ್ಬನು ಅಪ್ಪನ ಕಾರ್ಖಾನೆಯವನು. ವಾರದೊಳಗೆ ಅಲ್ಲಿ ಒಬ್ಬರು ನಗುತ್ತಾ ಕೇಳಿದರಂತೆ, "ಏನಪಾ ಜೈಲರ್ ಸಾಹೇಬ, ಇವತ್ತ ಕೀಲಿ ಹಾಕಿ ಬಂದೀಯೋ ಇಲ್ಲೋ?"

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. "ಇನ್ನ ಆ ಕೂಟ ಬ್ಯಾಡ," ಅಂದ. ಸಂಜೆ ಏಳೂವರೆ ಆದರೂ ಟಿ.ವಿ. ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ. ಅವ್ವ ಪುಸ್ತಕ ತಂದು ಮುಂದಿಟ್ಟರೆ "ತಲಿ ನೋಯ್ತೈತಿ, ನೀವ ಮಾಡ್ಕೋರಿ" ಅಂತ ಗೋಡೆ ಕಡೆ ತಿರುಗಿ ಮಲಗಿದ.

ಹೀಗೆಯೇ ಎರಡು ತಿಂಗಳು ನಡೆಯಿತು. ಮೊದಲು ಬಾಗಿಲಿಗೆ ಮಾತ್ರ ಕೀಲಿ ಇತ್ತು. ಪ್ರಾರ್ಥನೆ ನಿಂತ ಮೇಲೆ ಮೂವರ ಬಾಯಿಗೂ ಬಿತ್ತು. ಅವ್ವ ಚೌಕಾಬಾರ ಬರೆಯುವುದನ್ನು ಬಿಟ್ಟಳು. ಮಧ್ಯಾಹ್ನದವರೆಗೆ ತಲೆ ಬಾಚುತ್ತಿರಲಿಲ್ಲ. "ಅವ್ವಾ, ನಿನ್ನ ಸರದಿ" ಅಂತ ನಾನು ಹುಣಸೆ ಬೀಜ ಕೈಗೆ ಕೊಟ್ಟರೆ ಹಾಗೆಯೇ ಹಿಡಿದುಕೊಂಡು ಕೂತಿರುತ್ತಿದ್ದಳು. ಕ್ರಿಸ್ಮಸ್ ದಿನ ಅಪ್ಪನಿಗೆ ರಜೆ ಕೊಡಲಿಲ್ಲ. ನಾವಿಬ್ಬರೂ ಕೀಲಿಯೊಳಗೆ ಸಜ್ಜಕ ತಿಂದೆವು. ಎಲ್ಲಾ ಕೆಟ್ಟದ್ದೂ ನನ್ನಿಂದಲೇ ಆಯಿತು ಅಂತ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಲ್ಲೇ ಪ್ರಾರ್ಥನೆಯನ್ನೂ ಮಾಡಿದೆ. ಆಗ ಒಂದು ಸಂಗತಿ ಆಯಿತು, ಅದನ್ನು ಹೇಗೆ ಹೇಳಬೇಕೋ ತಿಳಿಯದು. ಉತ್ತರವೇನೂ ಬರಲಿಲ್ಲ. ಆದರೆ ಅತ್ತು ಮುಗಿದ ಮೇಲೆ, ನನ್ನ ಮಾತನ್ನು ಯಾರೋ ಪೂರ್ತಿ ಕೇಳಿಸಿಕೊಂಡರು ಅನ್ನಿಸಿತು. ನಡುವೆ ಎದ್ದು ಹೋಗದೆ, ಗೋಡೆ ಕಡೆ ತಿರುಗದೆ. ಮುಖ ತೊಳೆದು ಹೊರಗೆ ಬಂದು ಅವ್ವನ ತಲೆ ನಾನೇ ಬಾಚಿದೆ. ಜಡೆ ಸೊಟ್ಟಗಾಯಿತು. ಅವ್ವ ಬಿಚ್ಚಲಿಲ್ಲ.

ಜನವರಿಯಲ್ಲಿ ಉತ್ತರಾಯಣ, ಅಂದರೆ ನಮ್ಮ ಕಡೆಯ ಸಂಕ್ರಾಂತಿ, ಬಂತು. ಗುಜರಾತಿನಲ್ಲಿ ಇದ್ದವರಿಗೆ ಆ ದಿನ ಗೊತ್ತು. ಬೆಳಿಗ್ಗೆಯಿಂದ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಮಾಳಿಗೆಯ ಮೇಲೆ. ಆಕಾಶದ ತುಂಬ ಗಾಳಿಪಟ, ಸ್ಪೀಕರು, ಯಾರದೋ ಪಟ ಕತ್ತರಿಸಿದರೆ "ಕಾಪ್ಯೋ ಛೇ!" ಅಂತ ಕೂಗು. ಅಪ್ಪನಿಗೆ ರಜೆ ಇತ್ತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮೂವರೂ ಕೋಣೆಯಲ್ಲಿ ಕೂತಿದ್ದೆವು. ತಲೆಯ ಮೇಲೆ ನೂರು ಕಾಲು ಓಡಾಡುವ ಸದ್ದು. ನಾನು ಕಿಟಕಿಯ ಸರಳಿಗೆ ಕೆನ್ನೆ ಹಚ್ಚಿ ಒಂದು ಕೆಂಪು ಪಟವನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು.

"ಆಶಾಬೆನ್! ದಿನೇಶ್! ಘರ್‌ಮಾಂ ಕೋಯಿ ಛೇ?"

ಹಂಸಾಬೆನ್ ದನಿ, ಮನೆಯಲ್ಲಿ ಯಾರಾದರೂ ಇದ್ದೀರಾ ಅಂತ. ಅಪ್ಪ ತುಟಿ ಮೇಲೆ ಬೆರಳಿಟ್ಟ. ನಾವು ಉಸಿರು ಹಿಡಿದೆವು. ಮತ್ತೆ ಬಡಿದರು. ನನಗೆ ಕೆಮ್ಮು ಬಂತು, ಅವ್ವ ಸೆರಗಿನಿಂದ ನನ್ನ ಬಾಯಿ ಮುಚ್ಚಿದಳು. ಗಟ್ಟಿಯಾಗಿ ಮುಚ್ಚಿದಳು. ನನ್ನ ಕಣ್ಣಲ್ಲಿ ನೀರು ಬಂದು ಅವಳ ಕೈ ಮೇಲೆ ಬಿತ್ತು. ಹೊರಗೆ ತಟ್ಟೆಯನ್ನು ನೆಲದ ಮೇಲಿಟ್ಟ ಸದ್ದು, ಚಪ್ಪಲಿ ಎಳೆದು ಹೋದ ಸದ್ದು.

ಅವ್ವ ಕೈ ತೆಗೆದು ಅದನ್ನೇ ನೋಡಿಕೊಂಡಳು.

"ನೋಡ್ರಿ, ನನ್ನ ಕೂಸಿನ ಬಾಯಿ ನಾನ ಮುಚ್ಚೇನಿ," ಅಂದಳು. "ಸತ್ತವ್ರ ಮನ್ಯಾಗರ ಬಾಗಲಾ ತಗೀತಾರ. ನಾವು ಅದಕೂ ಕಡಿ ಆದಿವಿ."

"ಎಸ್ತೇರ, ಸಾವಕಾಶ..."

"ಎಸ್ತೇರ ಅಂದ್ರೇನ? ಆಶಾ ಅನ್ರಿ!"

ಅವ್ವ ಎದ್ದು ಅರೆ ತೆರೆದಿದ್ದ ಕಿಟಕಿಯನ್ನು ಪೂರ್ತಿ ತೆಗೆದಳು, ಅದರ ಎದುರು ಮೊಣಕಾಲೂರಿ ದೊಡ್ಡ ದನಿಯಲ್ಲಿ ಪ್ರಾರ್ಥನೆ ಶುರು ಮಾಡಿದಳು. ಏಳು ತಿಂಗಳಲ್ಲಿ ಆ ಮನೆಯಲ್ಲಿ ಅವಳ ನಿಜವಾದ ದನಿ ನಾನು ಕೇಳಿದ್ದು ಅದೇ ಮೊದಲು.

"ಕರ್ತನೇ, ನಾ ಎಸ್ತೇರ. ಇಂವಾ ನನ್ನ ಗಂಡ ಸಮುವೇಲ. ಅಂಜ್ಯಾನ, ಕೆಟ್ಟಂವ ಅಲ್ಲ. ನಮಗ ನೆಳ್ಳ ಸಿಗಲಿ ಅಂತ ಮಾಡ್ಯಾನ. ಇಂವಾ ನನ್ನ ಮಗಾ ದಾನಿಯೇಲ. ನಿನಗ ಇವನ ಹೆಸರ ಗೊತ್ತೈತಿ. ನಮಗ ಮರ್ತ ಹೋಗಾಕತ್ತೈತಿ. ಮನಿ ಹೋದ್ರ ಹೋಗಲಿ..."

ಅಪ್ಪ ಕಿಟಕಿ ಮುಚ್ಚಲು ಎದ್ದ. ಎರಡು ಹೆಜ್ಜೆ ಹೋದ. ಅಲ್ಲೇ ನಿಂತ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ. ಗ್ರೇಸ್ ಆಂಟಿ ಮನೆಯಲ್ಲಿ ನೆಲ ನೋಡುತ್ತಿದ್ದಾಗ ಇದ್ದ ಮುಖವೇ ಅದು.

ಅವ್ವ ಆಮೆನ್ ಅಂದಳು. ನಾನೂ ಅಂದೆ. ಅಪ್ಪ ಅನ್ನಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಚಿಲಕ ತೆಗೆದಳು. ಹೊಸ್ತಿಲ ಮೇಲೆ ತಟ್ಟೆಯಲ್ಲಿ ಉಂಧಿಯು ಪಲ್ಯ, ಜಿಲೇಬಿ, ಎಳ್ಳಿನ ಚಿಕ್ಕಿ. ಎದುರಿನ ಮೆಟ್ಟಿಲ ಮೇಲೆ ಹಂಸಾಬೆನ್ ಕೂತಿದ್ದರು. ಹೋಗಿರಲೇ ಇಲ್ಲ. ಮೊಣಕಾಲು ನೋವಿಗೆ ಮಾಳಿಗೆ ಹತ್ತಲಾರದೆ ಅಲ್ಲೇ ಕೂತಿದ್ದರು.

ಅವ್ವ ತನಗೆ ಬರುವ ನಾಲ್ಕು ಹಿಂದಿ ಶಬ್ದ ಕೂಡಿಸಿದಳು. "ಬೆನ್, ಮೇರಾ ನಾಮ್ ಆಶಾ ನಹೀಂ. ಎಸ್ತೇರ್. ಹಮ್ ಕ್ರಿಶ್ಚನ್."

"ಮನೇ ಖಬರ್ ಛೇ," ಅಂದರು ಹಂಸಾಬೆನ್. ನನಗೆ ಗೊತ್ತು ಅಂತ.

ಆಮೇಲೆ ಗುಜರಾತಿ ಹಿಂದಿ ಕಲಸಿ ಅವರು ಹೇಳಿದ್ದನ್ನು ಅಪ್ಪ ಬಾಗಿಲಲ್ಲಿ ನಿಂತು ನಮಗೆ ಕನ್ನಡದಲ್ಲಿ ಹೇಳಿದ. ದಿನಾ ಏಳೂವರೆಗೆ ಟಿ.ವಿ. ಜೋರಾಗುತ್ತಿತ್ತಂತೆ, ಕಾಲು ಗಂಟೆಗೆ ಆರುತ್ತಿತ್ತಂತೆ. ಕಾಲು ಗಂಟೆ ಟಿ.ವಿ. ಯಾರು ನೋಡುತ್ತಾರೆ? ಗಂಡ ಹೆಂಡತಿಯನ್ನು ಹೊಡೆಯುತ್ತಿರಬೇಕು ಅಂತ ಹೆದರಿ ಗೋಡೆಗೆ ಕಿವಿ ಇಟ್ಟರಂತೆ. ಕೊನೆಗೆ ಮೂರು ದನಿ ಸೇರಿ "ಆಮೆನ್" ಅಂದದ್ದು ಕೇಳಿ ನಿಟ್ಟುಸಿರು ಬಿಟ್ಟರಂತೆ. ಚಿಕ್ಕವರಿದ್ದಾಗ ಸಿಸ್ಟರುಗಳ ಶಾಲೆಯಲ್ಲಿ ಓದಿದವರು, ಆ ಶಬ್ದ ಗೊತ್ತಿತ್ತು. ಜುಲೈ ತಿಂಗಳಿನಿಂದ ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ. "ಎರಡು ತಿಂಗಳಿಂದ ಕೇಳಿಸುತ್ತಿಲ್ಲ. ಯಾರಿಗೆ ಏನಾಯಿತೋ ಅಂತ ಇವತ್ತು ಬಡಿದೆ," ಅಂದರು.

ಇದನ್ನು ಕನ್ನಡದಲ್ಲಿ ಹೇಳುತ್ತಾ ಹೇಳುತ್ತಾ ಅಪ್ಪ ಬಾಗಿಲಲ್ಲೇ ಕೂತುಬಿಟ್ಟ.

ಹಂಸಾಬೆನ್ ನನ್ನ ಕಡೆ ನೋಡಿ "ಛೋಕ್ರಾ, ಮೇಲೆ ಹೋಗು" ಅನ್ನುವಂತೆ ಕೈ ಮಾಡಿದರು. ನಾನು ಅಪ್ಪನ ಮುಖ ನೋಡಿದೆ.

"ಹೋಗು," ಅಂದ ಅಪ್ಪ. "ಯಾರರ ಹೆಸರ ಕೇಳಿದ್ರ... ನಿನ್ನ ಹೆಸರ ಹೇಳು."

ಓಡಿದೆ. ಮಾಳಿಗೆಯ ಮೇಲೆ ಗಾಳಿ ಎಷ್ಟಿತ್ತೆಂದರೆ ನಿಲ್ಲಲಾಗದೆ ಮೊದಲು ಕೂತುಬಿಟ್ಟೆ. ಸರಳಿಲ್ಲದ ಆಕಾಶ ನೋಡಿ ತಲೆ ತಿರುಗಿತ್ತು. ಮಾಲೀಕರ ಮೊಮ್ಮಗಳು ಬಂದು ದಾರ ಸುತ್ತಿದ ಫಿರ್ಕಿ ಕೈಗೆ ಕೊಟ್ಟು ಹಿಡಿ ಅಂದಳು. ಹೆಸರು ಕೇಳಲೂ ಇಲ್ಲ. ನಾನೇ ಹೇಳಿದೆ.

ಆ ಸಂಜೆ ಟಿ.ವಿ. ಹಾಕದೆ ಪ್ರಾರ್ಥನೆಗೆ ಕೂತೆವು. ಅಪ್ಪನ ಸರದಿ ಬಂದಾಗ ಅವನು ಮೊಣಕಾಲೂರಿದ. ಆಮೇಲೆ "ತಂದೆಯೇ, ನಾ ಸಮುವೇಲ ಬಂದೇನಿ" ಅಂದ. ಅಷ್ಟೇ. ಅದಕ್ಕಿಂತ ಉದ್ದದ ಪ್ರಾರ್ಥನೆಗಳನ್ನು ಎಷ್ಟೋ ಕೇಳಿದ್ದೇನೆ, ಒಂದೂ ನೆನಪಿಲ್ಲ.

ಮರುದಿನ ಅಪ್ಪ ತಾನೇ ಕೆಳಗಿಳಿದು ಮಾಲೀಕರಿಗೆ ಎಲ್ಲ ಹೇಳಿದ. ಅವರು ಕೂಗಾಡಲಿಲ್ಲ. "ಹೆಸರಿಗಾಗಿ ಅಲ್ಲ ಸುರೇಶ್‌ಭಾಯಿ, ಸುಳ್ಳು ಹೇಳಿದ್ದಕ್ಕೆ ಮನೆ ಬಿಡಿ" ಅಂದರಂತೆ. ಅದು ನಿಜವೋ ಅಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ತಿಂಗಳ ಕೊನೆಗೆ ಮನೆ ಬಿಟ್ಟೆವು. ಗ್ರೇಸ್ ಆಂಟಿ ತಮ್ಮಿಂದ ಆದ ನೋವಿಗೆ ಅಪ್ಪನ ಕ್ಷಮೆ ಕೇಳಿ, ವಡೋದರಾದ ಫತೇಗಂಜ್‌ನಲ್ಲಿ ಒಂದು ಹಾಸ್ಟೆಲ್ ಹಿಂದಿನ ಸಣ್ಣ ಕೋಣೆ ಹುಡುಕಿಕೊಟ್ಟರು. ಅಪ್ಪ ಸೂರತ್ತಿನ ಕೆಲಸ ಬಿಟ್ಟು ಅಲ್ಲೇ ಬೇರೆ ಕೆಲಸ ಹಿಡಿದ. ನೆಲ ಒದ್ದೆ, ಹೆಗ್ಗಣ ಬೇರೆ. ಬಾಗಿಲು ದಿನವಿಡೀ ತೆರೆದಿರುತ್ತಿತ್ತು. ಜೂನ್‌ನಲ್ಲಿ ಶಾಲೆ ಸೇರಿದೆ. ಗುಜರಾತಿ ಬಾರದ್ದಕ್ಕೆ ಎರಡನೇ ತರಗತಿಯಲ್ಲಿ, ನನ್ನ ಹೆಗಲಿನಷ್ಟೇ ಎತ್ತರದ ಮಕ್ಕಳ ನಡುವೆ ಕೂತೆ. ಅವರು "ದಾದಾ", ಅಂದರೆ ಅಜ್ಜ, ಅಂತ ಕರೆದು ನಗುತ್ತಿದ್ದರು. ನಡುವೆ ಎರಡು ಸಲ ನಪಾಸಾದೆ. ಆದರೂ ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಇಡೀ ಕೋಣೆ ಕೇಳುವ ಹಾಗೆ "ಹಾಜರ್" ಅನ್ನುತ್ತಿದ್ದೆ.

ಅವ್ವ ಹೋಗಿ ನಾಲ್ಕು ವರ್ಷವಾಯಿತು. ಅಪ್ಪ ನಮ್ಮ ಜೊತೆಗೇ ಇದ್ದಾನೆ, ಕಿವಿ ಮಂದವಾಗಿದೆ. ನನಗೆ ಈಗ ಮುಚ್ಚುಮರೆ ಏನಿಲ್ಲ. ಅಂಗಡಿಯ ಬೋರ್ಡಿನಲ್ಲೇ ನನ್ನ ಹೆಸರಿದೆ. ಆದರೂ ಎದೆ ಬಿಗಿಯುವ ದಿನಗಳು ಬರುತ್ತವೆ, ನಿಮಗೂ ಬರುತ್ತಿರಬಹುದು. ಅಂಥ ದಿನ ಅಂಗಡಿಯ ಶಟರ್ ಅರ್ಧ ಎಳೆದು ಪ್ರಾರ್ಥನೆ ಮಾಡುತ್ತೇನೆ. ಹಗುರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಮಾತ್ರ ಆ ಸರದಿ ಉಳಿದಿಲ್ಲ. ಬೆಳಿಗ್ಗೆ ಎಲ್ಲರ ಫೋನಿಗೂ ಒಂದೊಂದು ಪ್ರಾರ್ಥನೆ ಬರುತ್ತದೆ, ಕೈ ಮುಗಿದ ಚಿತ್ರ ಒತ್ತಿ ಮುಂದೆ ಕಳಿಸುತ್ತೇವೆ. ಹೆಂಡತಿ ಯಾಕೆ ಎರಡು ದಿನದಿಂದ ಸಪ್ಪಗಿದ್ದಾಳೆ ಅಂತ ನನಗೆ ಗೊತ್ತಾಗುವುದಿಲ್ಲ. ನನ್ನದು ಅವಳಿಗೆ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ನನ್ನ ಮಗಳು ಶಾಲೆಯಿಂದ ಬಂದು ಊಟ ಮಾಡದೆ ಮಲಗಿದಳು. ಅವಳಿಗೆ ಒಂಬತ್ತು ವರ್ಷ, ಕನ್ನಡ ಅರ್ಧಂಬರ್ಧ. ಸಂಜೆ ಎಲ್ಲರನ್ನೂ ಕೂರಿಸಿ, "ಬಾ ಮಗಳ, ಸಣ್ಣವ್ರು ಮೊದಲ, ಬಾಯಿಬಿಟ್ಟ ಪ್ರಾರ್ಥನಿ ಮಾಡು" ಅಂದೆ.

"ಪಪ್ಪಾ, ಮನಸ್ಸಲ್ಲೇ ಮಾಡೋಣ ನಾ. ಸಬ್ ಕೇ ಸಾಮ್ನೇ ಯಾಕೆ?" ಅಂದು ಕಣ್ಣು ಮುಚ್ಚಿದಳು. ಅವಳ ತುಟಿ ಅಲ್ಲಾಡುತ್ತಿತ್ತು. ರೆಪ್ಪೆಯ ಕೆಳಗೆ ಒದ್ದೆಯಾಗಿತ್ತು.

ಮನಸ್ಸಿನಲ್ಲಿ ಮಾಡಿದ್ದು ದೇವರಿಗೆ ಕೇಳುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನನಗೆ ಕೇಳಲಿಲ್ಲ. ಅವಳ ಪಕ್ಕದಲ್ಲೇ ಕೂತಿದ್ದೆ, ಮಗಳಿಗೆ ಏನಾಗಿದೆ ಅಂತ ನನಗೆ ಕೇಳಲಿಲ್ಲ.

ನಿಮ್ಮ ಮನೆಗಳಲ್ಲಿ ಆ ಸರದಿ ಇನ್ನೂ ಇದೆಯೇ? ಇದ್ದರೆ ಮಕ್ಕಳ ಬಾಯಿ ಹೇಗೆ ಬಿಡಿಸುತ್ತೀರಿ? ನಿಂತುಹೋಗಿ ಮತ್ತೆ ಶುರುವಾದದ್ದಿದ್ದರೆ ಅದನ್ನೂ ಬರೆಯಿರಿ. ತಪ್ಪಿಲ್ಲದೆ ಬರೆಯಬೇಕೆಂದೇನಿಲ್ಲ, ನಾನೂ ಹಾಗೆಯೇ ಬರೆದಿದ್ದೇನೆ. ನಿಧಾನವಾಗಿಯಾದರೂ ಪೂರ್ತಿ ಓದುತ್ತೇನೆ.